ಸೆಮಿ ಪ್ರೈವೇಟ್ ಅಂದರೆ ಏನ್ರಿ?

ಪೂರಾ ಮುಚ್ಚಿದ ಜಾಗದಲ್ಲಿ ಏನು ನಡೆದರೂ ಯಾರಿಗೂ ಗೊತ್ತಾಗುವುದಿಲ್ಲ. ಪೂರಾ ತೆರೆದ ಜಾಗದಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಎರಡರ ನಡುವಿನ ಜಾಗ ಇದೆಯಲ್ಲ, ಅಲ್ಲಿ ಮಾತ್ರ ದಿನಕ್ಕೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ನಾನು ಅಂಥ ಒಂದು ಜಾಗದ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ನೌಕರಿ ಮಾಡಿದವನು.

ಜಹೀರಾಬಾದಿನಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮು. ಕೌಂಟರಿನಲ್ಲಿ ನಾನು. ತೆಲಂಗಾಣ ಚಳವಳಿ ಜೋರಾಗಿದ್ದ ವರ್ಷಗಳು. ಒಂದು ದಿನ ಬಂದ್, ಒಂದು ದಿನ ರಾಸ್ತಾ ರೋಕೋ, ಒಂದು ದಿನ ರೈಲು ರೋಕೋ. ಉಳಿದ ದಿನ ಪೇಶೆಂಟುಗಳು ಬರುತ್ತಿದ್ದರು. ನಮ್ಮ ಡಾಕ್ಟರು ತಾಂಡೂರಿನವರು. ಕಟ್ಟಡಕ್ಕೆಲ್ಲ ತಾಂಡೂರಿನ ಕಲ್ಲೇ ಹಾಸಿಸಿದ್ದರು. ಜಾರಿ ಬಿದ್ದವರಿಗೂ "ನಮ್ಮೂರ ಕಲ್ಲು ನೋಡ್ರಿ, ಹ್ಯಾಂಗ ಹೊಳೀತದ" ಎಂದು ಒಮ್ಮೆ ಹೇಳಿಯೇ ಪಟ್ಟಿ ಕಟ್ಟುತ್ತಿದ್ದರು.

ಮೇಲಿನ ಮಹಡಿಯಲ್ಲಿ ಜನರಲ್ ವಾರ್ಡು ಇತ್ತು, ಪ್ರೈವೇಟ್ ಕೋಣೆಗಳಿದ್ದವು. ನಡುವೆ, ನನ್ನ ಕೌಂಟರಿಗೆ ಎದುರಾಗಿ, ಹಳೆಯ ಸಾಮಾನು ತುಂಬಿದ ಒಂದು ದೊಡ್ಡ ಖೋಲಿ ಇತ್ತು. ಡಾಕ್ಟರು ಹೈದರಾಬಾದಿನಲ್ಲಿ ಏನೋ ನೋಡಿ ಬಂದು ಆ ಖೋಲಿ ಖಾಲಿ ಮಾಡಿಸಿದರು. ಎರಡು ಮಂಚ ಹಾಕಿಸಿ, ನಡುವೆ ಒಂದು ಕಂಬಿ ಕೂಡಿಸಿ, ಅದಕ್ಕೆ ಹಸಿರು ಪರದೆ ಇಳಿಬಿಟ್ಟರು. "ಇದು ಸೆಮಿ ಪ್ರೈವೇಟ್" ಅಂದರು.

ಆ ಮಾತಿಗೆ ಅರ್ಥವೇನು ಎಂದು ಅವರು ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ. ಪೇಶೆಂಟುಗಳು ಮಾತ್ರ ಕೇಳಿದರು.

ಬೋರ್ಡು

ಪೇಂಟರ್ ಬಂದು ಬಾಗಿಲ ಮೇಲೆ ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಬರೆದ. ಅಂದರೆ ಇಂಗ್ಲಿಷಿನ ಅದೇ ಮಾತನ್ನೇ ಮೂರು ಲಿಪಿಯಲ್ಲಿ ಬರೆದ. ಬೀದರಿನ ಕಡೆಯಿಂದಲೂ ಜನ ಬರುತ್ತಿದ್ದರಿಂದ ಕನ್ನಡವೂ ಇರಲಿ ಎಂದು ಡಾಕ್ಟರಿಗೆ ಅನ್ನಿಸಿತು. ನನ್ನನ್ನು ಕರೆದರು.

"ನೀ ನಾರಾಯಣಖೇಡದಾಗ ಕನ್ನಡ ಮೀಡಿಯಂ ಓದಿದಾಂವ ಅಲ್ಲೇನು? ಇದಕ್ಕ ಕನ್ನಡದಾಗ ಏನಂತಾರ?"

ನಾನು ಕನ್ನಡದಲ್ಲಿ ಓದಿದ್ದು ಹತ್ತನೆಯ ತರಗತಿವರೆಗೆ. ಆದರೂ ಆ ಕಟ್ಟಡದ ಮಟ್ಟಿಗೆ ನಾನೇ ಕನ್ನಡ ಪಂಡಿತ. ಸ್ವಲ್ಪ ಹೊತ್ತು ಛಾವಣಿ ನೋಡಿ, "ಅರೆ ಖಾಸಗಿ" ಅಂದೆ.

ಪೇಂಟರ್ ಬ್ರಶ್ಶು ಹಿಡಿದು ನಿಂತ. "ಅರೆ ಅಂದ್ರ ಏನ್ರಿ? 'ಅರೆ, ಏನಿದು!' ಅಂದಂಗ ಕೇಳಸ್ತದಲ್ರಿ."

"ಅರೆ ಅಂದ್ರ ಅರ್ಧ. ಅರೆಹೊಟ್ಟೆ, ಅರೆಜೀವ, ಅರೆಹುಚ್ಚ ಅಂತಾರಲ್ಲ, ಹಂಗ."

ಡಾಕ್ಟರಿಗೆ ಸಮಾಧಾನವಾಯಿತು. "ಬರೀ, ಬರೀ. ದವಾಖಾನಿಗಿ ತಕ್ಕ ಪದ ಅದ" ಅಂದರು.

ಬಣ್ಣ ಒಣಗಿದ ಮೇಲೆ ಮೊದಲು ಬಂದವರು ನ್ಯಾಲ್ಕಲ್ ಕಡೆಯ ಇಬ್ಬರು ಗೆಳೆಯರು. ಒಬ್ಬರು ಕಾಲಿಗೆ ಪೆಟ್ಟಾದ ಸಾಹೇಬರು. ಅವರಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅವರನ್ನು ಹೆಗಲಿಗೆ ಆನಿಸಿಕೊಂಡು ಬಂದ ಇನ್ನೊಬ್ಬರು ಪಾಟೀಲರು. ಅವರಿಗೆ ಅಕ್ಷರ ಬರುತ್ತಿತ್ತು, ಆದರೆ ಒಂದೊಂದೇ.

ಪಾಟೀಲರು ಬಾಗಿಲ ಮುಂದೆ ನಿಂತು ಓದಿದರು. "ಅ... ರೆ... ಖಾ... ಸ..."

ಸಾಹೇಬರು ಮುಂದಿನ ಅಕ್ಷರ ಬರುವವರೆಗೆ ಕಾಯಲಿಲ್ಲ. "ಖಾಂಸಿ? ಅರೆ ಭಾಯಿ, ಇದು ಖಾಂಸಿಯವರ ಖೋಲಿ! ಕೆಮ್ಮಿನವರನ್ನ ಇಡೋದು! ನಡಿ, ನಡಿ!" ಎಂದು ಮೂಗು ಬಾಯಿಗೆ ರುಮಾಲು ಒತ್ತಿಕೊಂಡು, ಪೆಟ್ಟಾದ ಕಾಲಿನಲ್ಲೇ ಮೆಟ್ಟಿಲ ಕಡೆ ತಿರುಗಿದರು.

ನಾನು ಎದ್ದು ಓಡಿದೆ. "ಸಾಹೇಬರೆ, ಖಾಂಸಿ ಅಲ್ರಿ. ಖಾಸಗಿ. ಖಾಸ್, ಖಾಸ್!"

ಅವರು ನಿಂತರು. "ಖಾಸ್? ಅಂದ್ರ ದೊಡ್ಡವರ ಖೋಲಿ?"

"ಪೂರಾ ಅಲ್ರಿ. ಅರ್ಧ ಖಾಸ್."

"ಮತ್ತ ಉಳಿದ ಅರ್ಧ?"

ಅಷ್ಟರಲ್ಲಿ ಒಳಗಿನ ಮಂಚದಲ್ಲಿ ಹಿಂದಿನ ದಿನ ಸೇರಿದ್ದ ದಮ್ಮಿನ ಮುದುಕರು, ಬಹಳ ಹೊತ್ತಿನಿಂದ ತಡೆದುಕೊಂಡಿದ್ದ ಕೆಮ್ಮನ್ನು ಒಮ್ಮೆಲೇ ಕೆಮ್ಮಿದರು.

ಸಾಹೇಬರು ನನ್ನ ಮುಖ ನೋಡಿ, "ತಿಳೀತು" ಅಂದರು.

ಸೇಮ್ಯಾ

ಮನೂರ್ ಕಡೆಯ ಒಬ್ಬ ಅಜ್ಜಿಗೆ ಪಿತ್ತಕೋಶದ ಕಲ್ಲಿನ ಆಪರೇಶನ್ ಆಗಿತ್ತು. ಮಗ ಶೇರ್ ಆಟೋದಲ್ಲಿ ತಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದವನು, ಜನರಲ್ ವಾರ್ಡು ಬೇಡ, ನಮ್ಮವ್ವನಿಗೆ ಇನ್ನೂ ಛಲೋ ಜಾಗ ಬೇಕು ಅಂದ. ಸೆಮಿ ಪ್ರೈವೇಟ್ ಕೊಟ್ಟೆವು. ಮಗ ತಾಯಿಯ ಕಿವಿಯ ಹತ್ತಿರ ಬಾಗಿ, "ಯವ್ವಾ, ನಿನಗ ಸೆಮಿ ಪ್ರೈವೇಟ್ ತಗೊಂಡೀನಿ" ಎಂದು ಹೇಳಿ, ಹೊಲದ ಕೆಲಸ ಇದೆ ಎಂದು ಊರಿಗೆ ಹೋದ. ಸೊಸೆ ಉಳಿದಳು.

ಆಪರೇಶನ್ ಆದ ಮೇಲೆ ಅಜ್ಜಿಗೆ ಗಂಜಿ ಬಿಟ್ಟರೆ ಬೇರೆ ಏನೂ ಇಲ್ಲ. ಅಜ್ಜಿ ಗಂಜಿ ಕುಡಿಯುತ್ತಿದ್ದಳು, ಬಾಗಿಲು ನೋಡುತ್ತಿದ್ದಳು. ಮತ್ತೆ ಗಂಜಿ, ಮತ್ತೆ ಬಾಗಿಲು. ಕೊನೆಗೆ ಒಂದು ದಿನ ನಾನು ಆ ಕಡೆ ಹೋದಾಗ ಕೈ ಮಾಡಿ ಕರೆದಳು.

"ತಮ್ಮಾ, ನಿಮ್ಮ ದವಾಖಾನಿ ಛಲೋ ಅದ. ಡಾಕ್ಟ್ರೂ ಛಲೋ ಅದಾರ. ಖರೆ ಸೇಮ್ಯಾ ಇನ್ನಾ ಬಂದಿಲ್ಲ ನೋಡು."

"ಯಾವ ಸೇಮ್ಯಾ, ಅಜ್ಜಿ?"

"ನನ್ನ ಮಗ ತಗೊಂಡಾನಲ್ಲ, ಸೇಮ್ಯಾ ಪ್ರೈವೇಟ್ ಅಂತ."

ಆಗ ಗೊತ್ತಾಯಿತು. ನಮ್ಮ ಕಡೆ ತೆಲುಗು ಮಾತಿನ ರೂಢಿಯಲ್ಲಿ ಶಾವಿಗೆಗೆ ಸೇಮ್ಯಾ ಎಂದೇ ಅನ್ನುತ್ತಾರೆ. ಅಜ್ಜಿಯ ಲೆಕ್ಕ ಸರಳವಾಗಿತ್ತು. ಜನರಲ್ ವಾರ್ಡಿನವರಿಗೆ ಬರೀ ಗಂಜಿ, ಸೇಮ್ಯಾ ಪ್ರೈವೇಟಿನವರಿಗೆ ಶಾವಿಗೆ ಪಾಯಸ, ಅದೂ ಪರದೆ ಎಳೆದು, ಯಾರ ದೃಷ್ಟಿಯೂ ತಾಕದ ಹಾಗೆ.

"ಅಜ್ಜಿ, ಸೆಮಿ ಅಂದ್ರ ಅರ್ಧ" ಅಂದೆ.

"ಅರ್ಧ ಬಟ್ಟಲ ಆದ್ರೂ ನಡೀತದ ತಮ್ಮಾ. ನಾ ಎಷ್ಟು ತಿಂತೀನಿ?"

ನಾನು ಹೋಗಿ ಡಾಕ್ಟರ ಹೆಂಡತಿಗೆ ಹೇಳಿದೆ. ನರ್ಸಿಂಗ್ ಹೋಮಿನ ಒಳಗಿನ ಕಾರುಬಾರೆಲ್ಲ ಅವರದೇ, ನಾವೆಲ್ಲ ಅವರನ್ನು ಮೇಡಂ ಎಂದು ಕರೆಯುತ್ತಿದ್ದೆವು. ಮೇಡಂ ನಗಲಿಲ್ಲ. ಗಂಡನನ್ನು ಕೇಳಿದರು. ಹಾಲು ತುಪ್ಪ ಬೇಡ, ತೆಳ್ಳಗೆ ನೀರಿನಲ್ಲಿ ಬೇಯಿಸಿ ಕೊಡಬಹುದು ಅಂದರು ಡಾಕ್ಟರು. ಮೇಡಂ ಮನೆಯಲ್ಲಿ ಶಾವಿಗೆ ಬೇಯಿಸಿ, ಚೂರು ಬೆಲ್ಲ ಹಾಕಿ, ಮುಚ್ಚಳದ ಡಬ್ಬಿಯಲ್ಲಿ ಕಳಿಸಿದರು. ಅಜ್ಜಿ ಸೊಸೆಗೆ ಪರದೆ ಎಳೆಯಲು ಹೇಳಿ, ಶಾವಿಗೆ ತಿಂದು, ಖಾಲಿ ಡಬ್ಬಿ ಎದೆಯ ಮೇಲೆ ಇಟ್ಟುಕೊಂಡೇ ನಿದ್ದೆ ಹೋದಳು.

ಮರುದಿನ ಬೆಳಿಗ್ಗೆ ಪೂರಾ ಪ್ರೈವೇಟ್ ಕೋಣೆಯಲ್ಲಿದ್ದ ಒಬ್ಬ ಯಜಮಾನರು ಕೌಂಟರಿಗೆ ಬಂದರು. ಮುಖ ಬಿಗಿದುಕೊಂಡಿತ್ತು.

"ನಮ್ಮ ಖೋಲಿ ಬದಲಾಯಿಸ್ರಿ. ಇಷ್ಟು ದಿನ ಆತು, ನಮಗೊಂದು ಉಪ್ಪಿಟ್ಟೂ ಬಂದಿಲ್ಲ."

ಸೋದರತ್ತೆ

ಪರದೆ ತಡೆಯುವುದು ಕಣ್ಣನ್ನು. ಕಿವಿಯನ್ನಲ್ಲ. ಇದನ್ನು ಎಲ್ಲರೂ ಎರಡನೆಯ ದಿನಕ್ಕೆ ಮರೆಯುತ್ತಿದ್ದರು.

ಬಾಗಿಲ ಕಡೆಯ ಮಂಚದಲ್ಲಿ ಹೊಟ್ಟೆಯ ಆಪರೇಶನ್ ಆದ ಒಬ್ಬ ಗೃಹಿಣಿ ಇದ್ದರು. ಅವರ ಮಗನಿಗೆ ಹೆಣ್ಣು ನೋಡುತ್ತಿದ್ದರು. ಅಕ್ಕನನ್ನು ಮಾತಾಡಿಸಲು ನಾರಾಯಣಖೇಡದಿಂದ ತಂಗಿ ಬಂದಿದ್ದಳು. ಪರದೆಯ ಆಚೆ ಕಾಮಾಲೆಯಾಗಿ ಮಲಗಿದ್ದ ಒಬ್ಬ ಹೆಂಗಸು. ಆಕೆ ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ನಾನು ಔಷಧದ ಚೀಟಿ ಕೊಡಲು ಹೋಗಿದ್ದೆ. ಅಕ್ಕತಂಗಿಯರ ಮಾತು ನಡೆದಿತ್ತು.

"ತಾಂಡೂರಿನ ಹುಡುಗಿ ಏನಾತು, ಅಕ್ಕ?"

"ಹುಡುಗಿ ಛಲೋ ಅದಾಳ. ಖರೆ ವಯಸ್ಸು ಇಪ್ಪತ್ತೆರಡು ಅಂತ ಹೇಳ್ಯಾರ. ನನಗೇನೋ ಇಪ್ಪತ್ತಾರು ಕಾಣಸ್ತದ."

"ಅವರಪ್ಪ ಕುಡೀತಾನಂತ ಕೇಳೀನಿ."

"ಅದಕ್ಕಿಂತ ದೊಡ್ಡದು ಇನ್ನೊಂದದ. ಹುಡುಗೀಗಿ ಒಬ್ಬಾಕಿ ಸೋದರತ್ತಿ ಅದಾಳಂತ. ಭಾಳ ಜಗಳಗಂಟಿ. ಆಕಿ ಬಂದ ಮದುವ್ಯಾಗ ಚಪ್ಪರ ಉಳಿಯಂಗಿಲ್ಲಂತ."

ಪರದೆ ಸ್ವಲ್ಪ ಅಲ್ಲಾಡಿತು. ಆಚೆಯಿಂದ ಶಾಂತವಾದ ಒಂದು ಧ್ವನಿ ಬಂತು.

"ಇಪ್ಪತ್ನಾಕು ರೀ."

ಅಕ್ಕತಂಗಿ ಇಬ್ಬರೂ ಕಲ್ಲಾದರು.

"ನಮ್ಮಣ್ಣ ಕುಡೀತಿದ್ದ, ಬಿಟ್ಟಾನ. ಸೋದರತ್ತಿ ಅಂದ್ರಲ್ಲ, ಅದು ನಾನೇ."

ತಂಗಿ ನನ್ನ ಕಡೆ ನೋಡಿದಳು, ನಾನು ಚೀಟಿ ನೋಡಿದೆ. ಅಕ್ಕ ಹೇಗೋ ಧ್ವನಿ ಕೂಡಿಸಿಕೊಂಡು, "ನೀವು ಅಲ್ಲಿ ಇದ್ದೀರಂತ ಗೊತ್ತಿರಲಿಲ್ರಿ ವೈನಿ. ಮಾತು ಮಾತಿನಾಗ ಏನೋ..." ಅಂದರು.

"ಇರ್ಲಿ ಬಿಡ್ರಿ. ನನಗೂ ಮಾತಾಡಾಕ ಶಕ್ತಿ ಇಲ್ಲ. ಜಗಳಗಂಟಿ ಅಂದಿದ್ಕ ಸುಮ್ಮ ಇರ್ತಿದ್ದೆ, ಅದು ಖರೆನೇ ಅದ. ಹುಡುಗಿ ವಯಸ್ಸು ಎರಡು ವರ್ಷ ಏರಿಸಿದ್ರಿ ನೋಡ್ರಿ, ಅದು ಸಂಕಟ ಆತು." ಆಕೆ ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಈಗ ನಿಮ್ಮ ಹುಡುಗನ ಮಾತು ಬರ್ಲಿ. ನಿನ್ನಿ ನೀವು ಫೋನಿನಾಗ ಫೋಟೋ ಹಳೇದೇ ಕಳಸು, ಹೊಸದರಾಗ ತಲಿ ಹೊಳೀತದ ಅಂದ್ರಲ್ಲ, ಅದು ಯಾರ ತಲಿ?"



ಆಮೇಲೆ ಅಕ್ಕನೇ ಕೈ ಚಾಚಿ ಪರದೆ ಸರಿಸಿದರು. ಇಬ್ಬರೂ ಮಲಗಿದಲ್ಲಿಂದಲೇ ಒಬ್ಬರ ಮುಖ ಒಬ್ಬರು ಮೊದಲ ಸಲ ನೋಡಿದರು. ಮುಚ್ಚಿಡಲು ಎರಡೂ ಕಡೆ ಇನ್ನೇನೂ ಉಳಿದಿರಲಿಲ್ಲ. ಹಾಗಾಗಿ ಸಂಬಂಧ ಕೂಡಿತು. ಡಿಸ್ಚಾರ್ಜ್ ಆಗುವ ಹೊತ್ತಿಗೆ ಮದುವೆ ತಾಂಡೂರಿನಲ್ಲೋ ಜಹೀರಾಬಾದಿನಲ್ಲೋ ಎನ್ನುವ ಜಗಳವೂ ಶುರುವಾಗಿತ್ತು. ಸೋದರತ್ತೆಯ ಆರೋಗ್ಯ ಸುಧಾರಿಸಿದೆ ಎಂದು ಡಾಕ್ಟರಿಗೆ ಅದರಿಂದಲೇ ಗೊತ್ತಾದದ್ದು.

ಮದುವೆಗೆ ನನ್ನನ್ನೂ ಕರೆದಿದ್ದರು. ಅಂತರಪಟ ಹಿಡಿದರು. ವಧು ಆ ಕಡೆ, ವರ ಈ ಕಡೆ. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಎಲ್ಲರೂ ಅಕ್ಷತೆ ಹಿಡಿದು ಸುಮ್ಮನೆ ನಿಂತಿದ್ದರು. ಬಟ್ಟೆಯ ಆ ಕಡೆಯಿಂದ ಸೋದರತ್ತೆ ಪಕ್ಕದವಳಿಗೆ ಪಿಸುಗುಟ್ಟಿದ್ದು ಇಡೀ ಚಪ್ಪರಕ್ಕೆ ಕೇಳಿಸಿತು.

"ಪೇಟಾ ಸುತ್ಯಾರಲ್ಲ, ಈಗೇನೂ ಕಾಣಂಗಿಲ್ಲ ಬಿಡು."

ಈ ಕಡೆಯಿಂದ ವರನ ತಾಯಿ ತಣ್ಣಗೆ ಹೇಳಿದರು.

"ಕೇಳಸ್ತದ್ರಿ."

ನಮ್ಮವ್ವ

ಒಮ್ಮೆ ನಮ್ಮವ್ವ ಬಿ.ಪಿ. ತೋರಿಸಲು ನಾರಾಯಣಖೇಡದಿಂದ ಬಂದಿದ್ದಳು. ನಾನು ಕೆಲಸ ಮಾಡುವ ಜಾಗವನ್ನೆಲ್ಲ ತಿರುಗಾಡಿ ತೋರಿಸಿದೆ. ಸೆಮಿ ಪ್ರೈವೇಟ್ ಖೋಲಿಯ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಎರಡು ಮಂಚ, ನಡುವೆ ಬಟ್ಟೆ.

"ಇದಕ್ಕೇನಂತಾರ?"

ಹೆಸರು ಹೇಳಿದೆ. ಅರ್ಥವನ್ನೂ ಹೇಳಿದೆ. ಒಳಗೆ ಇದ್ದವರು ಕಾಣುವುದಿಲ್ಲ, ಆದರೆ ಇದ್ದಾರೆ ಎಂದು ಗೊತ್ತಿರುತ್ತದೆ ಅಂದೆ.

ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು. "ನಾ ಮದುವ್ಯಾಗಿ ಬಂದಾಗ ನಿಮ್ಮ ಮನ್ಯಾಗ ಒಂದೇ ಖೋಲಿ ಇತ್ತು. ನಡು ಒಂದು ಹಗ್ಗ ಕಟ್ಟಿ, ನನ್ನ ಸೀರಿ ಹಾಕಿದ್ರು. ಆ ಕಡಿ ನಿಮ್ಮಜ್ಜಿ. ಈ ಕಡಿ ನಾವು. ನಾವು ಏನರೆ ಮಾತಾಡಿದ್ರ ಆ ಕಡಿಂದ 'ಹೂಂ' ಅಂತಿದ್ದಳು."

"ಆಮೇಲೆ?"

"ಆಮೇಲೇನು? ನೀ ಹುಟ್ಟಿದಿ. ನೀನೂ ಸೆಮಿ ಪ್ರೈವೇಟೇ."

ಹಿಂದೆ ನಿಂತಿದ್ದ ನಮ್ಮ ನರ್ಸ್ ಸಿಸ್ಟರ್ ಕೈಯಲ್ಲಿದ್ದ ಟ್ರೇ ಕೆಳಗೆ ಬಿದ್ದಿತು.

ಒಂದು ಟಿ.ವಿ.

ಈ ಪ್ರಸಂಗದ ಇಬ್ಬರೂ ತೆಲುಗಿನಲ್ಲಿ ಜಗಳವಾಡಿದವರು. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ರುಚಿ ಸ್ವಲ್ಪ ಕಡಿಮೆಯಾದರೆ ಕ್ಷಮಿಸಬೇಕು.

ಬಾಗಿಲ ಕಡೆಯ ಮಂಚದಲ್ಲಿ ಒಬ್ಬ ಬಸ್ ಕಂಡಕ್ಟರು. ಅಪೆಂಡಿಕ್ಸ್ ಆಪರೇಶನ್. ಪ್ರತ್ಯೇಕ ತೆಲಂಗಾಣಕ್ಕಾಗಿ ಮುಷ್ಕರದಲ್ಲಿದ್ದವರು. ಹೊಲಿಗೆ ಹಾಕಿಸಿಕೊಳ್ಳುವಾಗಲೂ ಘೋಷಣೆ ಕೂಗಿದವರು. ಕಿಟಕಿಯ ಕಡೆಯ ಮಂಚದಲ್ಲಿ ಕಾಲು ಮುರಿದ ಒಬ್ಬ ಗುತ್ತಿಗೆದಾರರು. ಕರಾವಳಿ ಆಂಧ್ರದ ಕಡೆಯಿಂದ ಬಂದು ನಮ್ಮಲ್ಲಿ ರಸ್ತೆ ಕೆಲಸ ಮಾಡಿಸುತ್ತಿದ್ದವರು. ರಾಜ್ಯ ಒಂದೇ ಇರಬೇಕು ಎನ್ನುವುದು ಅವರ ಅಭಿಪ್ರಾಯ. ಇಬ್ಬರನ್ನೂ ಒಂದೇ ಖೋಲಿಯಲ್ಲಿ ಹಾಕಿದ್ದು ಯಾರು ಎಂದು ಡಾಕ್ಟರು ಆಮೇಲೆ ಕೇಳಿದರು. ಬೇರೆ ಮಂಚ ಖಾಲಿ ಇರಲಿಲ್ಲ.

ಮೊದಲ ದಿನವೇ ಕಂಡಕ್ಟರು, "ಪರದೆ ಪೂರಾ ಎಳೀರಿ. ನಮ್ಮದು ನಮಗೆ ಪ್ರತ್ಯೇಕ ಬೇಕು" ಅಂದರು.

ಗುತ್ತಿಗೆದಾರರು, "ಎಳೀಬೇಡಿ. ಖೋಲಿ ಒಂದೇ, ಗಾಳಿ ಬೆಳಕು ಎಲ್ಲರಿಗೂ ಸೇರಿದ್ದು. ನಾವು ಅಣ್ಣತಮ್ಮಂದಿರ ಹಾಗೆ ಇರೋಣ" ಅಂದರು.

"ಕಿಟಕಿ ನಿಮ್ಮ ಕಡೆ ಇದ್ದಾಗ ಹಾಗೇ ಅನ್ನಿಸುತ್ತೆ" ಅಂದರು ಕಂಡಕ್ಟರು.

ಡಾಕ್ಟರು ಬೆಳಗಿನ ರೌಂಡ್ಸಿಗೆ ಬಂದವರು ಕಂಡಕ್ಟರ ಮಾತು ಕೇಳಿ, ಪರದೆ ಎಳೆಯುವ ಪ್ರಕ್ರಿಯೆ ಶುರುವಾಗಲಿದೆ ಎಂದು ದೆಹಲಿಯವರ ಧಾಟಿಯಲ್ಲೇ ಹೇಳಿದರು. ಕಂಡಕ್ಟರ ಮನೆಯವರು ಅಲ್ಲೇ ಪೇಡೆ ಹಂಚಿದರು. ಸಂಜೆ ಗುತ್ತಿಗೆದಾರರ ಮನೆಯವರು ಜೀಪು ತುಂಬಿಕೊಂಡು ಬಂದರು. ಡಾಕ್ಟರು ಮತ್ತೆ ಬಂದು, ಈ ವಿಷಯದಲ್ಲಿ ಎಲ್ಲರ ಅಭಿಪ್ರಾಯ ಕೇಳಬೇಕಾಗುತ್ತದೆ ಅಂದರು. ಪೇಡೆ ತಿಂದದ್ದು ಮಾತ್ರ ತಿಂದ ಹಾಗಾಯಿತು.

ಕೊನೆಗೆ ಮೇಡಂ ಬಂದರು. ಯಾರನ್ನೂ ಕೇಳಲಿಲ್ಲ. ಸರ್ರನೆ ಪರದೆ ಎಳೆದು ಹೋದರು.

ಆಗ ಹೊಸ ತೊಡಕು ಕಾಣಿಸಿತು. ಎದುರಿನ ಗೋಡೆಯಲ್ಲಿ ಇಬ್ಬರಿಗೂ ಸೇರಿ ಒಂದು ಟಿ.ವಿ. ಇತ್ತು. ಪರದೆ ಪೂರಾ ಎಳೆದರೆ ಅದರ ಅಂಚು ಸರಿಯಾಗಿ ಟಿ.ವಿ.ಯ ನಡುವಿಗೆ ಬರುತ್ತಿತ್ತು. ಎಡ ಅರ್ಧ ಕಂಡಕ್ಟರಿಗೆ ಕಾಣುತ್ತಿತ್ತು, ಬಲ ಅರ್ಧ ಗುತ್ತಿಗೆದಾರರಿಗೆ. ಇಬ್ಬರೂ ದಿನವಿಡೀ ಸುದ್ದಿಯೇ ನೋಡುವವರು. ಮುಷ್ಕರ ಎಲ್ಲಿಗೆ ಬಂತು, ದೆಹಲಿಯಲ್ಲಿ ಏನು ಹೇಳಿದರು, ಇಬ್ಬರ ಜೀವವೂ ಅದರಲ್ಲೇ. ಟಿ.ವಿ. ಸರಿಸಿ ಕೊಡಿ ಎಂದು ಇಬ್ಬರೂ ಕೇಳಿದರು. ಯಾವ ಕಡೆಗೆ ಸರಿಸುವುದು ಎನ್ನುವಲ್ಲಿ ಮಾತು ಮುರಿಯಿತು.

ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತಿದ್ದೆ. ಬೇರೆ ಪೇಶೆಂಟುಗಳಿಗೆ ತೊಂದರೆ ಎಂದು ಸದ್ದು ನಿಲ್ಲಿಸಿಟ್ಟಿದ್ದ ಟಿ.ವಿ.ಯಲ್ಲಿ ದಪ್ಪ ಅಕ್ಷರದ ದೊಡ್ಡ ಸುದ್ದಿ ಬಂತು. ಎಡ ಅರ್ಧದಲ್ಲಿ "ತೆಲಂಗಾಣಕ್ಕೆ ಕೇಂದ್ರದ ಒಪ್ಪಿಗೆ" ಎಂದಿತ್ತು. ಕಂಡಕ್ಟರು ಹೊಲಿಗೆ ಹಿಡಿದುಕೊಂಡೇ ಎದ್ದು ಕೂತು ಜೈ ಅಂದರು. ಹೆಂಡತಿಯ ಕಣ್ಣಲ್ಲಿ ನೀರು ಬಂತು.

ನಮ್ಮ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬಲ ಅರ್ಧದಲ್ಲಿ "ಈಗಲೇ ಸಿಗುವುದಿಲ್ಲ" ಎಂದಿತ್ತು. ಗುತ್ತಿಗೆದಾರರು ಸಮಾಧಾನದ ಉಸಿರು ಬಿಟ್ಟು, ಮುರಿದ ಕಾಲನ್ನು ದಿಂಬಿನ ಮೇಲೆ ಸರಿಯಾಗಿ ಇಟ್ಟುಕೊಂಡರು.

ನಾನು ಏನೂ ಹೇಳದೆ ಬಾಗಿಲು ಮುಂದೆ ಮಾಡಿ ಬಂದೆ. ಒಂದೇ ಸುದ್ದಿಗೆ ಎರಡೂ ಕಡೆಯವರು ಖುಷಿಪಟ್ಟಿದ್ದನ್ನು ಆ ವರ್ಷಗಳಲ್ಲಿ ನಾನು ನೋಡಿದ್ದು ಅಲ್ಲಿ ಮಾತ್ರ.

ಕೆಳಗಿನ ಅರ್ಧ

ರಾಸ್ತಾ ರೋಕೋ ಮಾಡಿದ್ದಕ್ಕೆ ನಮ್ಮ ಕಡೆಯ ಒಬ್ಬ ಸಣ್ಣ ಲೀಡರನ್ನು ಹಿಡಿದಿದ್ದರು. ಠಾಣೆಯ ಮೆಟ್ಟಿಲು ಹತ್ತುವಾಗ ಅವರಿಗೆ ಎದೆ ನೋವು ಬಂತು. ಪೊಲೀಸರು ನಮ್ಮಲ್ಲಿಗೆ ಕರೆತಂದರು. ಡಾಕ್ಟರು ಪರೀಕ್ಷೆ ಮಾಡಿ, ಗಾಬರಿ ಇಲ್ಲ, ಆದರೂ ಒಂದು ದಿನ ಇರಲಿ ಎಂದು ಸೆಮಿ ಪ್ರೈವೇಟಿನ ಒಳಮಂಚ ಕೊಟ್ಟರು. ಕಾವಲಿಗೆ ಕೊಡಂಗಲ್ ಕಡೆಯ ಒಬ್ಬ ಕಾನ್‌ಸ್ಟೇಬಲ್ ಕೂತ. ಕೂತವನಿಗೆ ಜ್ವರ ಇತ್ತು. ಕುರ್ಚಿಯಿಂದ ಎರಡು ಸಲ ಜಾರಿದ. ಡಾಕ್ಟರಿಗೆ ಕನಿಕರ ಬಂದು, ಅವನನ್ನು ಬಾಗಿಲ ಕಡೆಯ ಮಂಚದಲ್ಲಿ ಮಲಗಿಸಿ ಸಲೈನ್ ಹಚ್ಚಿಸಿದರು.

ಹೀಗೆ ಕೈದಿ ಪರದೆಯ ಆಚೆ, ಕಾವಲುಗಾರ ಪರದೆಯ ಈಚೆ. ಕೈಗೆ ಸೂಜಿ ಇದ್ದುದರಿಂದ ಏಳಲಾಗದ ಕಾನ್‌ಸ್ಟೇಬಲ್ ಆಗಾಗ ಮಲಗಿದಲ್ಲಿಂದಲೇ ತೆಲುಗಿನಲ್ಲಿ ಕೂಗುತ್ತಿದ್ದ. "ಅನ್ನಾ, ಉನ್ನಾರಾ?"

ಆಚೆಯಿಂದ ಲೀಡರು "ಉನ್ನಾ" ಅನ್ನುತ್ತಿದ್ದರು. ಅಣ್ಣಾ ಇದ್ದೀರಾ, ಇದ್ದೀನಿ. ಕಾವಲು ಅಂದರೆ ಇಷ್ಟೇ.

ಅದೇ ದಿನ ಚೌರಸ್ತೆಯಲ್ಲಿ ಚಳವಳಿಯವರು ರಸ್ತೆಯ ಮೇಲೆಯೇ ಒಲೆ ಹೂಡಿ ಅಡುಗೆ ಮಾಡಿ ಉಣ್ಣುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮೈಕಿನ ಸದ್ದು ನಮ್ಮ ಕಿಟಕಿಗೆ ಬರುತ್ತಿತ್ತು. ನಾನು ಊಟದ ಡಬ್ಬಿ ಕೊಡಲು ಒಳಗೆ ಹೋದಾಗ ಲೀಡರು ಎದ್ದು ಕೂತು, ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದರು. ಮೈಕಿನಲ್ಲಿ ಅವರಿಗೆ ಆಗದ ಇನ್ನೊಬ್ಬ ಲೀಡರ ಹೆಸರು ಕರೆದರು.

"ಕೇಳಿದ್ಯಾ ತಮ್ಮಾ?" ಎಂದು ಪಿಸುಗುಟ್ಟಿದರು. "ಲಾಠಿ ತಿಂದಾಂವ ನಾನು. ಮೈಕ್ ಹಿಡಿಯಾಂವ ಅಂವ."

ಅವರು ನನ್ನನ್ನು ಏನೂ ಕೇಳಲಿಲ್ಲ. ಅಲ್ಲೇ ಗೂಟಕ್ಕೆ ಹಾಕಿದ್ದ ನನ್ನ ಡ್ಯೂಟಿಯ ನೀಲಿ ಕೋಟು ತೊಟ್ಟರು, ನನ್ನನ್ನು ಹೆಗಲು ಹಿಡಿದು ಮಂಚದ ಮೇಲೆ ಕೂಡಿಸಿದರು. "ಈಗ ಹೋಗಿ ಈಗ ಬರ್ತೀನಿ. ಅಂವ ಕರೆದ್ರ 'ಉನ್ನಾ' ಅನ್ನು, ಸಾಕು." ಅವರ ಮಂಚದ ಕಡೆಗೇ ಇದ್ದ ಹಿಂದಿನ ಬಾಗಿಲಿನಿಂದ ಕಸದ ಬುಟ್ಟಿ ಎತ್ತಿಕೊಂಡು ಇಳಿದುಹೋದರು. ಮಂಚ ಖಾಲಿ ಬಿಟ್ಟರೆ ನಮ್ಮ ನರ್ಸಿಂಗ್ ಹೋಮಿಗೆ ಸಂಚಕಾರ. ನಾನು ಮಲಗಿ ಹೊದಿಕೆ ಎಳೆದುಕೊಂಡೆ.

"ಅನ್ನಾ, ಉನ್ನಾರಾ?"

"ಉನ್ನಾ" ಅಂದೆ, ಗಂಟಲು ದಪ್ಪ ಮಾಡಿ.

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಮೈಕು ಗುಡುಗಿತು. ಲೀಡರದೇ ಧ್ವನಿ. ಕಾನ್‌ಸ್ಟೇಬಲ್ ಬಹಳ ಹೊತ್ತು ಕೇಳಿಸಿಕೊಂಡ.

"ಅನ್ನಾ, ಅಲ್ಲಿ ಮಾತಾಡ್ತಿರೋದು ನೀವೇ ಅಲ್ವಾ?"

"ಕ್ಯಾಸೆಟ್ಟು" ಅಂದೆ.

"'ಇವತ್ತಿನ ಸಾಂಬಾರಿಗೆ ಉಪ್ಪು ಸಾಲದು' ಅಂತ ಕ್ಯಾಸೆಟ್ಟು ಹೇಗೆ ಹೇಳುತ್ತೆ?"

ನಾನು ಯೋಚಿಸಿದೆ. "ಅದು ಹೋದ ಸಲದ ಸಾಂಬಾರು."

ಅವನಿಗೆ ಜ್ವರ ಇದ್ದುದರಿಂದ ಒಪ್ಪಿಕೊಂಡ.

ಆಮೇಲೆ ಸಿಸ್ಟರ್ ಬಂದಳು. ಕೈಯಲ್ಲಿ ಲೀಡರಿಗೆ ಬರೆದ ಇಂಜೆಕ್ಷನ್. ಹೊದಿಕೆ ಸರಿಸಿ ನನ್ನ ಮುಖ ನೋಡಿದಳು. ನಾನು ಬೆರಳು ತುಟಿಗೆ ಒತ್ತಿದೆ. ಪರದೆಯ ಮೇಲೆ ಅವಳ ನೆರಳು ಬಿದ್ದಿತ್ತು, ಆ ಕಡೆಯಿಂದ ಕಾನ್‌ಸ್ಟೇಬಲ್ ಅದನ್ನೇ ನೋಡುತ್ತಿದ್ದ. ಕೊಡದೆ ಹೋದರೆ ಅನುಮಾನ.

"ಬರೀ ಶಕ್ತಿ ಬರೋದು. ಯಾರಿಗಾದ್ರೂ ಆಗ್ತದ" ಎಂದು ಮೆಲ್ಲಗೆ ಹೇಳಿ ಚುಚ್ಚಿದಳು. ನನ್ನ ಬಾಯಿಂದ ಬಂದ ಸದ್ದು ಕೇಳಿ ಆಚೆಯಿಂದ, "ಪಾಪ, ಅನ್ನಾಗೆ ಎದೆ ನೋವು ಜಾಸ್ತಿ ಆಯ್ತು" ಎಂಬ ಮಾತು ಬಂತು.

ಇಷ್ಟಾಗಿದ್ದರೆ ಮುಗಿಯುತ್ತಿತ್ತು. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಇನ್‌ಸ್ಪೆಕ್ಟರು ಬಂದಿದ್ದರು, ಜೊತೆಗೆ ನಮ್ಮ ಡಾಕ್ಟರು. ಡಾಕ್ಟರಿಗೆ ಏನೂ ಗೊತ್ತಿಲ್ಲ. ಅವರು ನಗುತ್ತ ಪರದೆಯ ಅಂಚು ಸರಿಸಿ ಒಳಗೆ ಇಣುಕಿದರು. ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ನಾನು ಕೈ ಮುಗಿದೆ. ಡಾಕ್ಟರು ಪರದೆಯನ್ನು ಮೊದಲಿಗಿಂತ ಬಿಗಿಯಾಗಿ ಮುಚ್ಚಿದರು.

"ಪೇಶೆಂಟ್ ಮಲಗಿದ್ದಾರೆ" ಅಂದರು.

"ಒಂದು ಸಲ ಕಣ್ಣಾರೆ ನೋಡಿ ಹೋಗ್ತೀನಿ. ಮೇಲಿನವರು ಕೇಳ್ತಾರೆ" ಅಂದರು ಇನ್‌ಸ್ಪೆಕ್ಟರು.

"ಹಾಗೆ ಪೂರಾ ನೋಡೋಕೆ ಬರೋದಿಲ್ಲ ಸಾರ್. ಇದು ಸೆಮಿ ಪ್ರೈವೇಟ್."

"ಅಂದರೆ?"

ಅಷ್ಟು ವರ್ಷಗಳಲ್ಲಿ ಎಷ್ಟೋ ಜನ ಕೇಳಿದ ಆ ಪ್ರಶ್ನೆಗೆ ಡಾಕ್ಟರು ಅವತ್ತಿನವರೆಗೆ ಉತ್ತರ ಕೊಟ್ಟಿರಲಿಲ್ಲ. ಪರದೆಯ ಆಚೆ ನಾನು ಕಿವಿಗೊಟ್ಟು ಕೇಳುತ್ತಿದ್ದೆ.

"ಅಂದರೆ, ಅರ್ಧ ನೋಡಬಹುದು" ಅಂದರು ಡಾಕ್ಟರು.

"ಯಾವ ಅರ್ಧ?"

"ಕೆಳಗಿನ ಅರ್ಧ."

ಪರದೆ ನಿಧಾನವಾಗಿ ಕಾಲ ಕಡೆಯಿಂದ ಸರಿಯಿತು. ಮಂಚದ ನಡುವಿನವರೆಗೆ ಬಂದು ನಿಂತಿತು. ಡಾಕ್ಟರು ಹೊದಿಕೆಯ ತುದಿ ಎತ್ತಿ ನನ್ನ ಎರಡು ಪಾದಗಳನ್ನು ತೋರಿಸಿದರು.

ಇನ್‌ಸ್ಪೆಕ್ಟರು ಪಾದಗಳನ್ನು ನೋಡುತ್ತ ನಿಂತರು. ಮೈಕಿನಲ್ಲಿ ಲೀಡರು ಆ ಹೊತ್ತಿಗೆ ಭಾಷಣದ ಎತ್ತರಕ್ಕೆ ಏರಿದ್ದರು. "ನನ್ನನ್ನು ಬಂಧಿಸಿ ಇಡುವ ಗೋಡೆ ಇನ್ನೂ ಕಟ್ಟಿಲ್ಲ" ಎಂದು ಕೂಗಿದರು. ಚೌರಸ್ತೆಯಲ್ಲಿ ಚಪ್ಪಾಳೆ ಬಿತ್ತು. ಇನ್‌ಸ್ಪೆಕ್ಟರು ಒಮ್ಮೆ ಕಿಟಕಿ ನೋಡಿದರು, ಒಮ್ಮೆ ಸಲೈನ್ ಹಚ್ಚಿಸಿಕೊಂಡು ಮಲಗಿದ್ದ ತಮ್ಮ ಕಾನ್‌ಸ್ಟೇಬಲನ್ನು ನೋಡಿದರು, ಮತ್ತೆ ನನ್ನ ಪಾದಗಳನ್ನು ನೋಡಿದರು. ಲೀಡರು ಇಲ್ಲಿ ಇಲ್ಲ ಎಂದರೆ ಅವರ ಕೆಲಸ ಹೆಚ್ಚಾಗುತ್ತಿತ್ತು, ನಮ್ಮ ಕೆಲಸ ಹೋಗುತ್ತಿತ್ತು, ಕಾನ್‌ಸ್ಟೇಬಲನ ನೌಕರಿಗೂ ಕುತ್ತು ಬರುತ್ತಿತ್ತು.

ಅವರು ಟೋಪಿ ಸರಿಮಾಡಿಕೊಂಡು, ಬಾಗಿ, ನನ್ನ ಪಾದಗಳಿಗೆ ಬಹಳ ಮರ್ಯಾದೆಯಿಂದ ಹೇಳಿದರು.

"ಅನ್ನಾ, ಭಾಷಣ ಚೆನ್ನಾಗಿ ಬರ್ತಾ ಇದೆ. ಆದರೆ ಬಿಸಿಲಲ್ಲಿ ಬಹಳ ಹೊತ್ತು ನಿಲ್ಲಬೇಡಿ, ಎದೆ ನೋವಿಗೆ ಒಳ್ಳೇದಲ್ಲ."

ಬಾಯಿ ಇದ್ದದ್ದು ಪೂರಾ ಖಾಸಗಿ ಅರ್ಧದಲ್ಲಿ. ಅದನ್ನು ತೆರೆಯುವ ಹಾಗಿರಲಿಲ್ಲ. ಏನು ಮಾಡಬೇಕೋ ತೋಚದೆ ಬಲಗಾಲಿನ ಹೆಬ್ಬೆರಳನ್ನು ಮೆಲ್ಲಗೆ ಅಲ್ಲಾಡಿಸಿದೆ.

ಇನ್‌ಸ್ಪೆಕ್ಟರು ಅದಕ್ಕೆ ಸೆಲ್ಯೂಟ್ ಹೊಡೆದು ಹೋದರು.